ಕೊಡುವ ಕೈ, ಪಡೆಯುವ ಮುಖ

ಕೊಡುವುದು ಕಷ್ಟವೆಂದು ಲೋಕದ ಅಭಿಪ್ರಾಯ. ನನಗೇನೋ ಪಡೆಯುವುದು ಅದಕ್ಕಿಂತ ಕಷ್ಟವೆಂದು ತೋರುತ್ತದೆ. ಕೊಡುವವನ ಕೈಯಿಂದ ಒಂದಿಷ್ಟು ಹಣ ಹೋಗುತ್ತದೆ; ಬದಲಿಗೆ ಮನಸ್ಸಿಗೆ ಹಿಗ್ಗು, ಪುಣ್ಯದ ನಂಬಿಕೆ, ಅದೃಷ್ಟವಿದ್ದರೆ ಒಂದು ಹೂವಿನ ಹಾರ ಬರುತ್ತವೆ. ಪಡೆಯುವವನಿಗೆ ವಸ್ತುವೇನೋ ಸಿಕ್ಕುತ್ತದೆ. ಆದರೆ ಕೈ ಚಾಚುವಾಗ ತಲೆ ತಗ್ಗುತ್ತದಲ್ಲ, ಆ ಖರ್ಚನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ. ಡಿಸೆಂಬರ್ ಬಂದು ಮಂಗಳೂರಿನ ಮನೆಗಳ ಮುಂದೆ ನಕ್ಷತ್ರದ ದೀಪಗಳು ತೂಗತೊಡಗಿದಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ಕ್ರಿಸ್ಮಸ್ ಕೊಡುವವರ ಹಬ್ಬ. ಹನ್ನೊಂದು ತಿಂಗಳು ಮುಷ್ಟಿ ಬಿಗಿದವರಿಗೂ ಆಗ ಬೆರಳು ಸಡಿಲವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಇಂಥದೇ ದಿನಗಳಲ್ಲಿ ಒಂದು ಸಂಘದವರು ಬಡ ವಿದ್ಯಾರ್ಥಿಗಳಿಗೆ ಪುಸ್ತಕ ಹಂಚುವ ಸಮಾರಂಭ ಏರ್ಪಡಿಸಿದ್ದರು. ಒಬ್ಬೊಬ್ಬರ ಹೆಸರನ್ನು ಕೂಗುವುದು. ಅವರು ವೇದಿಕೆ ಹತ್ತಿ ಕಟ್ಟಿನ ಒಂದು ತುದಿ ಹಿಡಿಯುವುದು. ಇನ್ನೊಂದು ತುದಿಯನ್ನು ದಾನಿಗಳು ಫೋಟೊ ತೆಗೆದು ಮುಗಿಯುವವರೆಗೆ ಬಿಡದಿರುವುದು. ನನ್ನ ತರಗತಿಯ ಹುಡುಗಿಯೊಬ್ಬಳ ಹೆಸರನ್ನು ಮೂರು ಸಲ ಕೂಗಿದರು. ಅವಳು ಸಭೆಯಲ್ಲೇ ಇದ್ದಳು, ಏಳಲಿಲ್ಲ. ಮರುದಿನ ಕಾರಣ ಕೇಳಿದೆ. “ಪುಸ್ತಕ ಬೇಕಿತ್ತು ಸರ್, ಫೋಟೊ ಬೇಡವಾಗಿತ್ತು” ಎಂದಳು. ಆ ವರ್ಷವೆಲ್ಲ ಅವಳು ಗ್ರಂಥಾಲಯದಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡೇ ಓದಿದಳು.

ದಾನಿಯ ಹೆಸರೇ ಕೂಡದೆಂದು ನಾನು ಹೇಳಲಾರೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು ಹಾಗೆಂದರೆ ಕೃತಘ್ನತೆಯಾದೀತು. ನಮ್ಮ ಹಳೆಯ ನುಡಿಯನ್ನು ಕಲ್ಲಿನ ಮೇಲೆ ಉಳಿಸಿಕೊಟ್ಟವರಲ್ಲಿ ದಾನಶಾಸನ ಬರೆಯಿಸಿದವರೇ ಮುಖ್ಯರು. ಯಾರು ಕೊಟ್ಟರು, ಎಷ್ಟು ಭೂಮಿ, ಎಲ್ಲೆ ಯಾವುದು ಎಂಬುದೆಲ್ಲ ಅಲ್ಲಿರುತ್ತದೆ; ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪವೂ ಇರುತ್ತದೆ. ಕಲ್ಲಿನ ಆ ಮಾತು ದತ್ತಿಯ ಕಾವಲಿಗೆ ನಿಂತದ್ದು. ಕೊಟ್ಟವನ ಕೀರ್ತಿಯೂ ಅದರ ಜೊತೆಗೆ ಬೆಳೆದಿರಬಹುದು, ಬೆಳೆಯಲಿ. ಆದರೆ ಸತ್ರದಲ್ಲಿ ಉಂಡು ಹೋದ ಹಸಿದವನ ಮುಖವನ್ನು ಯಾವ ಕಲ್ಲುಕುಟಿಗನೂ ಕೆತ್ತಿಡಲಿಲ್ಲ. ನಮ್ಮ ಕಾಲದ ಫೋಟೊ ಮಾಡುತ್ತಿರುವುದು ಆ ಕೆಲಸವನ್ನು.

ಕ್ರಿಸ್ಮಸ್ ತಾತನ ಮೂಲಕತೆಯಲ್ಲೇ ಇದಕ್ಕೆ ಉತ್ತರವುಂಟು. ಈಗಿನ ತುರ್ಕಿ ದೇಶದಲ್ಲಿರುವ ಮೈರಾ ಎಂಬ ಊರಿನಲ್ಲಿ 4ನೆಯ ಶತಮಾನದಲ್ಲಿ ಬಿಷಪರಾಗಿದ್ದವರು ಸಂತ ನಿಕೊಲಾಸರು. ಬಡವನೊಬ್ಬನಿಗೆ ಮೂವರು ಹೆಣ್ಣುಮಕ್ಕಳು, ವರದಕ್ಷಿಣೆಗೆ ಹಣವಿಲ್ಲ. ನಿಕೊಲಾಸರು ರಾತ್ರಿ ಹೊತ್ತು ಬಂದು ಕಿಟಕಿಯಿಂದ ಚಿನ್ನದ ಗಂಟನ್ನು ಒಳಗೆ ಎಸೆದು ಹೋದರಂತೆ. ಹೀಗೆ ಮೂರು ಸಲ. ಮೂರನೆಯ ಸಲ ತಂದೆ ಕಾದಿದ್ದು ಹಿಡಿದಾಗ, ಯಾರಿಗೂ ಹೇಳಬೇಡವೆಂದು ಅವರೇ ಬೇಡಿಕೊಂಡರೆಂದು ಐತಿಹ್ಯ. ಕೊಟ್ಟವರು ಬೇಡಿದರು, ಪಡೆದವನು ನಡೆಸಿಕೊಡಬೇಕಾಯಿತು! ಈ ತಲೆಕೆಳಗು ನನಗೆ ಬಹಳ ಇಷ್ಟ.

ಚಿನ್ನವಿಲ್ಲದವರಿಗೆ ಬೇರೆ ದಾರಿಯಿದೆ. 1904ರಲ್ಲಿ ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್ಬೋಲ್ ಅವರ ಯೋಚನೆಯಂತೆ ಕ್ರಿಸ್ಮಸ್ ಕಾಗದಗಳಿಗೆ ಅಂಟಿಸುವ ಒಂದು ಪುಟ್ಟ ಚೀಟಿ ಹೊರಟಿತು. ಅದರ ಹಣ ಕ್ಷಯರೋಗಿಗಳಾದ ಮಕ್ಕಳಿಗೆ. 1907ರಲ್ಲಿ ಅಮೆರಿಕದ ಎಮಿಲಿ ಬಿಸೆಲ್ ಅದೇ ಉಪಾಯದಿಂದ ಮುಚ್ಚಿಹೋಗಲಿದ್ದ ಒಂದು ಸಣ್ಣ ಕ್ಷಯರೋಗಾಲಯವನ್ನು ಉಳಿಸಿದರು. ಬೇಕಾಗಿದ್ದುದು 300 ಡಾಲರು. ಚೀಟಿಗೆ ಒಂದು ಸೆಂಟಿನಂತೆ ಮಾರಿ ಕೂಡಿದ್ದು ಅದರ ಹತ್ತರಷ್ಟು. ಸಾವಿರಾರು ಜನ ಒಂದೊಂದು ಕಾಸು ಕೊಟ್ಟಲ್ಲಿ ದೊಡ್ಡ ದಾನಿಯೆಂಬವನೇ ಇಲ್ಲ. ರೋಗಿ ಯಾರಿಗೆಂದು ತಲೆ ಬಾಗಿಸಬೇಕು?

ಇವೆರಡಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ನಮ್ಮ ಊರಿನ ಕುಸ್ವಾರಿನ ತಟ್ಟೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿಗಳನ್ನು ಮಾಡಿ ಜಾತಿ ಮತ ನೋಡದೆ ನೆರೆಮನೆಗಳಿಗೆಲ್ಲ ಹಂಚುತ್ತಾರೆ. ನಮ್ಮ ಪಕ್ಕದ ಮನೆಯ ಬಾಯಮ್ಮ ನಿವೃತ್ತ ಶಿಕ್ಷಕಿ. ಅವರ ತಟ್ಟೆ ನಮಗೂ ಬರುತ್ತದೆ, ಎದುರಿನ ಡಾಕ್ಟರರಿಗೂ ಹೋಗುತ್ತದೆ, ಬೀದಿಯ ಕೊನೆಯಲ್ಲಿ ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಸಾಕುವ ಹೆಂಗಸಿನ ಮನೆಗೂ ಹೋಗುತ್ತದೆ. ಮೂರಕ್ಕೂ ಒಂದೇ ಗಾತ್ರ, ಒಂದೇ ಕಸೂತಿ ಬಟ್ಟೆಯ ಮುಸುಕು. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ಹಳೆಯ ಪದ್ಧತಿ. ನಾವು ಬಾಳೆಹಣ್ಣು ಇಡುತ್ತೇವೆ. ಆ ಹೆಂಗಸು ಚಪ್ಪರದಿಂದ ಕೊಯ್ದ ಬಸಳೆ ಇಡುತ್ತಾಳೆ.

ಒಮ್ಮೆ ಬಾಯಮ್ಮ ಅವಳನ್ನು ರಸ್ತೆಯಲ್ಲಿ ನಿಲ್ಲಿಸಿ, “ಬಸಳೆ ಒಳ್ಳೆ ಎಳತು ಇತ್ತು ಮಾರಾಯ್ತಿ. ಸಿಗಡಿ ಹಾಕಿ ಪದಾರ್ಥ ಮಾಡಿದೆ. ಇನ್ನೊಮ್ಮೆ ಕೊಯ್ದಾಗ ನನ್ನನ್ನು ಮರೆಯಬೇಡ” ಎನ್ನುವುದನ್ನು ಕೇಳಿದೆ. ಆ ಹೆಂಗಸಿನ ಮುಖ ಅರಳಿದ್ದನ್ನೂ ಕಂಡೆ. ಕೊಡುವುದರಲ್ಲಿ ಮಾತ್ರವಲ್ಲ, ಕೊಟ್ಟದ್ದನ್ನು ಬಾಯಿತುಂಬ ಹೊಗಳಿ ತೆಗೆದುಕೊಳ್ಳುವುದರಲ್ಲೂ ಬಾಯಮ್ಮನದು ದೊಡ್ಡ ಕೈ. ಆ ಮನೆಯ ದಿನಸಿಯ ಬಾಕಿ ಪ್ರತಿ ಡಿಸೆಂಬರಿನಲ್ಲೂ ಅಂಗಡಿಯಲ್ಲಿ ಹೇಗೋ ತೀರಿಹೋಗುತ್ತದೆ. ಹೇಗೆಂದು ಅಂಗಡಿಯವರನ್ನು ವಿಚಾರಿಸಿದರೆ, “ಅದೆಲ್ಲ ನಿಮಗೆ ಯಾಕೆ ಮಾಷ್ಟ್ರೇ?” ಎಂದು ನಕ್ಕು ಸಕ್ಕರೆ ತೂಗುತ್ತಾರೆ. ನಾನೂ ಹೆಚ್ಚು ಕೇಳಲಿಲ್ಲ.

ಈ ಹಬ್ಬಕ್ಕೆ ಏನಾದರೂ ಕೊಡಬೇಕೆಂದಿರುವವರಿಗೆ ಇಷ್ಟು ಹೇಳಬಹುದು. ಕಾಲೇಜಿನ ಕಚೇರಿಯಲ್ಲಿ ಯಾರದಾದರೂ ಪರೀಕ್ಷೆಯ ಶುಲ್ಕ ಉಳಿದಿದ್ದರೆ ಸದ್ದಿಲ್ಲದೆ ಕಟ್ಟಿಬಿಡಿ. ವೃದ್ಧಾಶ್ರಮಕ್ಕೆ ಹೋಗುವ ಮೊದಲು ಏನು ಬೇಕೆಂದು ಕೇಳಿ. 25ನೆಯ ತಾರೀಕು ಅಲ್ಲಿ ಕೇಕು ಮಿಕ್ಕುವುದುಂಟು, ಫೆಬ್ರವರಿಯಲ್ಲಿ ಬಾಗಿಲು ತಟ್ಟುವವರೇ ಇಲ್ಲದಿರುವುದೂ ಉಂಟು. ಹೊಲಿಗೆಯವಳಿಗೆ ಹಣ ಕೊಡುವ ಮನಸ್ಸಿದ್ದರೆ ಹೊಲಿಯಲು ಬಟ್ಟೆಯನ್ನೂ ಕೊಡಿ. ಆಮೇಲೆ ಒಂದು ಪರೀಕ್ಷೆ, ಇದಕ್ಕೆ ಶುಲ್ಕವಿಲ್ಲ: ಜನವರಿಯಲ್ಲಿ ಒಂದು ದಿನ ಅವರು ಬೀದಿಯಲ್ಲಿ ನಿಮಗೆ ಎದುರಾಗುತ್ತಾರೆ. ಆಗ ಪಕ್ಕದ ಸಂದಿಗೆ ತಿರುಗದೆ, ನಿಂತು ಬಿಸಿಲಿನ ಮಾತು, ಮೀನಿನ ಕ್ರಯದ ಮಾತು ಆಡಿದರೆ, ನೀವು ಕೊಟ್ಟದ್ದು ಸರಿಯಾಗಿ ತಲುಪಿದೆ.