ಹತ್ತು ಮಿಲಿಸೆಕೆಂಡಿನ ಮಾತು

ಪುಣೆಯಲ್ಲಿ ಏನು ಕೆಲಸ ಎಂದು ಊರಿನವರು ಕೇಳಿದಾಗ 'ರಿಯಲ್ ಟೈಮ್ ಪ್ರೋಗ್ರಾಮಿಂಗ್' ಅಂದರೆ, 'ಹಂಗಾದ್ರ ಭಾಳ ಸ್ಪೀಡಿನ ಕೆಲಸ' ಅನ್ನುತ್ತಾರೆ. ಅಲ್ಲ. ರೈಲಿನ ಬ್ರೇಕಿಗೆ ಕೋಡ್ ಬರೆಯುವವನಿಗೆ ವೇಗಕ್ಕಿಂತ ಹೊತ್ತು ಮುಖ್ಯ. ಹತ್ತು ಮಿಲಿಸೆಕೆಂಡಿಗೊಮ್ಮೆ ಒತ್ತಡ ಅಳೆಯುತ್ತೇನೆ ಅಂದರೆ ಅಳೆಯಲೇಬೇಕು. ಒಂಬತ್ತು ಸಲ ಮೂರೇ ಮಿಲಿಸೆಕೆಂಡಿನಲ್ಲಿ ಮುಗಿಸಿ, ಹತ್ತನೆಯ ಸಲ ಮೂವತ್ತು ತೆಗೆದುಕೊಳ್ಳುವ ಪ್ರೋಗ್ರಾಂ ಸರಾಸರಿ ಲೆಕ್ಕದಲ್ಲಿ ಚುರುಕು, ನಮ್ಮ ಲೆಕ್ಕದಲ್ಲಿ ಕೆಲಸಕ್ಕೆ ಬಾರದ್ದು.

ನಾವು ಬರೆಯುವುದು ಅಡಾ ಭಾಷೆಯಲ್ಲಿ. ಅಡಾ ಲವ್‌ಲೇಸ್ ಹೆಸರಿನ ಭಾಷೆ. ಅಮೆರಿಕದ ರಕ್ಷಣಾ ಇಲಾಖೆ ಅದರ ಮಾನಕಕ್ಕೆ ಕೊಟ್ಟ ಸಂಖ್ಯೆ 1815, ಆಕೆ ಹುಟ್ಟಿದ ವರ್ಷ. ಏಕಕಾಲಕ್ಕೆ ನಡೆಯುವ ಕೆಲಸಗಳಿಗೆ 'ಟಾಸ್ಕ್' ಎಂಬ ಪದ 1983ರ ಅಡಾದಲ್ಲೇ ಇತ್ತು. ಆದರೆ ಒಂದು ಕೊರತೆಯೂ ಇತ್ತು. ಅಲ್ಲಿ 'ಡಿಲೇ' ಅಂದರೆ 'ಈಗಿನಿಂದ ಇಷ್ಟು ಹೊತ್ತು ಸುಮ್ಮನಿರು' ಎಂದಷ್ಟೇ. ಎದ್ದಾಗ ಇನ್ನೊಂದು ಟಾಸ್ಕ್ ಪ್ರೊಸೆಸರ್ ಹಿಡಿದಿದ್ದರೆ ಕಾಯಬೇಕು, ಆ ತಡ ಮುಂದಿನ ಸುತ್ತಿಗೂ ದಾಟುತ್ತದೆ. ಸುತ್ತಿಗೆ 0.1 ಮಿಲಿಸೆಕೆಂಡ್ ಜಾರಿದರೂ ನಿಮಿಷಕ್ಕೆ 6000 ಸುತ್ತಿನ ಬದಲು ಸುಮಾರು 5940. ಅಡಾ 95 'ಡಿಲೇ ಅಂಟಿಲ್' ತಂದಿತು: ಇಷ್ಟು ಹೊತ್ತು ಅಲ್ಲ, ಇಂಥ ಹೊತ್ತಿನ ತನಕ. ಒಮ್ಮೆ ತಡವಾದರೂ ಮುಂದಿನ ಗಡುವು ಅಲುಗುವುದಿಲ್ಲ.

ಇದರ ಬೆಲೆ ನನಗೆ ಗೊತ್ತಾದದ್ದು ಆಫೀಸಿನಲ್ಲಲ್ಲ, ಧಾರವಾಡದ ಮನೆಯಲ್ಲಿ. ಅವ್ವನಿಗೆ ಪಾರ್ಕಿನ್ಸನ್. ಗುಳಿಗೆ ಬೆಳಿಗ್ಗೆ ಏಳು, ಹನ್ನೊಂದು, ಮಧ್ಯಾಹ್ನ ಮೂರು, ಸಂಜೆ ಏಳಕ್ಕೆ. ತಡವಾದರೆ ಕೈಕಾಲು ಬಿಗಿದು ಕುರ್ಚಿಯಿಂದ ಏಳಲಾಗದು. ಅಪ್ಪ ಹಿಂದಿನ ಗುಳಿಗೆ ಕೊಟ್ಟ ಹೊತ್ತಿನಿಂದ ನಾಲ್ಕು ತಾಸು ಎಣಿಸುತ್ತಿದ್ದರು. ನಡುವೆ ಹಾಲಿನವ, ನೀರು ಬಿಡುವ ಹೊತ್ತು, ಯಾರದೋ ಫೋನು. ಪ್ರತಿ ಸಲ ಕಾಲು ತಾಸು, ಇಪ್ಪತ್ತು ನಿಮಿಷ. ಸಂಜೆಯ ಗುಳಿಗೆ ಎಂಟಕ್ಕೆ ಹೋಗಿ ನಿಲ್ಲುತ್ತಿತ್ತು.

"ನಾಕ್ ತಾಸ ಆಗಬೇಕಲ್ಲಪಾ?" ಅಂದರು ಅಪ್ಪ. ಅಪ್ಪ ಸೋಮಾರಿಯಲ್ಲ, ಅವರ ನಿಯಮವೇ ಜಾರುವಂಥದ್ದು. ಡಾಕ್ಟರನ್ನು ಕೇಳಿ, ಗಡಿಯಾರದ ಹೊತ್ತಿಗೇ ಕೊಡಿ ಅನ್ನಿಸಿಕೊಂಡು, ಅಪ್ಪನ ಫೋನಿನಲ್ಲಿ ನಾಲ್ಕು ಅಲಾರಂ ಇಟ್ಟು ಬಂದೆ. ಈಗ ಸಂಜೆ ಅವ್ವ ತಾನೇ ಎದ್ದು ದೇವರ ಮುಂದೆ ದೀಪ ಹಚ್ಚುತ್ತಾಳೆ. ಎಲ್ಲ ದಿನವೂ ಅಲ್ಲ.

ಇಂಗ್ಲೆಂಡಿನ ಯಾರ್ಕ್‌ಶೈರ್ ಕಡಲತೀರದ ರೇವನ್ಸ್‌ಕಾರ್ ಎಂಬ ಹಳ್ಳಿಯಲ್ಲಿ 1997ರಲ್ಲಿ ಸೇರಿದ ತಜ್ಞರು ಅಡಾವನ್ನು ಇನ್ನೂ ಕತ್ತರಿಸಿದರು. ಆ ಊರಿನ ಹೆಸರಿನ ಕಟ್ಟಳೆಯಲ್ಲಿ ಹಳೆಯ 'ಡಿಲೇ' ನಿಷಿದ್ಧ. ನಡುವೆ ಹೊಸ ಟಾಸ್ಕ್ ಹುಟ್ಟಿಸುವಂತಿಲ್ಲ, ಇದ್ದದ್ದು ಮುಗಿಯುವಂತಿಲ್ಲ. ಹೊಸದಾಗಿ ಸೇರುವ ಹುಡುಗರು ಸಿಟ್ಟಾಗುತ್ತಾರೆ, 'ಉಳಿದದ್ದೇನು ಸರ್?' ಅಂತ. ಉಳಿಯುವುದು ಲೆಕ್ಕ. ಯಾವ ಟಾಸ್ಕಿಗೆ ಹೆಚ್ಚೆಂದರೆ ಎಷ್ಟು ಹೊತ್ತು ಬೇಕು, ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂದು ಗೊತ್ತಿದ್ದರೆ, ರೈಲು ಹೊರಡುವ ಮೊದಲೇ ಎಲ್ಲರೂ ಗಡುವು ಮುಟ್ಟುತ್ತಾರೋ ಇಲ್ಲವೋ ಕಾಗದದ ಮೇಲೆ ಹೇಳಬಹುದು. ನನಗಂತೂ ಈ ಬಡತನ ಇಷ್ಟ.

ಮುಂದಿನ ತಿಂಗಳು ನಾಲ್ಕು ಕೋರಿನ ಚಿಪ್ ಬರುತ್ತಿದೆ. ಬೇರೆ ಬೇರೆ ಕೋರಿನಲ್ಲಿ ಕೂತ ಟಾಸ್ಕುಗಳೂ ಮೆಮೊರಿಗೆ ಹೋಗುವ ಒಂದೇ ದಾರಿಗೆ ಜಗಳಾಡುತ್ತವೆ. ಹೆಚ್ಚೆಂದರೆ ಎಷ್ಟು ಹೊತ್ತು ಎನ್ನುವ ಅಂಕಿಯೇ ಅಲ್ಲಾಡುತ್ತದೆ. ಮೊದಲು ಮೂರು ಕೋರ್ ಮುಚ್ಚಿ ಅಳೆಯೋಣ, ಆಮೇಲೆ ಒಂದೊಂದೇ ತೆರೆಯೋಣ ಅಂದಿದ್ದೇನೆ. ಮ್ಯಾನೇಜರ್ ಇನ್ನೂ ಒಪ್ಪಿಲ್ಲ.