ಬೆರಳಿನ ಬೆಲೆ

ಸರಕಾರದಿಂದ ಬರುವ ಹಣದಲ್ಲಿ ಎರಡು ಬಗೆಯುಂಟು. ಒಂದು, ಇಲ್ಲದವನಿಗೆ ಕನಿಕರದಿಂದ ಕೊಟ್ಟದ್ದು. ಇನ್ನೊಂದು, ಕಳೆದುಕೊಂಡವನಿಗೆ ನ್ಯಾಯವಾಗಿ ಸಲ್ಲಬೇಕಾದದ್ದು. ಎರಡೂ ಬ್ಯಾಂಕಿನ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆಯಲ್ಪಡುವುದರಿಂದ ಇವುಗಳ ಭೇದವನ್ನು ಎಣಿಸುವವರು ವಿರಳ. ಆದರೆ ಅಂಗವೂನವಾದ ಬಳಿಕ ಮರಳಿ ದುಡಿಮೆಗೆ ಹೋಗಬೇಕೆನ್ನುವವನಿಗೆ ಈ ಭೇದವು ಅನ್ನದ ಪ್ರಶ್ನೆ. ಅನ್ನಕ್ಕಿಂತಲೂ ಮಿಗಿಲಾಗಿ ಮಾನದ ಪ್ರಶ್ನೆ. ನನ್ನ ಬಲಗೈಯೇ ನನಗೆ ಈ ಪಾಠವನ್ನು ಕಲಿಸಿತಾದುದರಿಂದ, ವಾಚಕ ಮಹಾಶಯರ ಮುಂದೆ ನಾಲ್ಕು ಮಾತುಗಳನ್ನಿಡುವ ಧೈರ್ಯ ಮಾಡಿದ್ದೇನೆ.

ನಾನಿರುವುದು ಮೂಡಲಪಾಳ್ಯದಲ್ಲಿ. ಹೆಸರಿನಲ್ಲಿ ಮೂಡಲಿದ್ದರೂ ಬಡಾವಣೆಯಿರುವುದು ಬೆಂಗಳೂರಿನ ಪಡುವಣಕ್ಕೆ. ಬೆಳಗಾದರೆ ಇಲ್ಲಿಯ ಓಣಿಗಳಿಂದ ಊಟದ ಡಬ್ಬಿ ಹಿಡಿದವರು ಹೊರಟು, ಮಾಗಡಿ ರಸ್ತೆಯ ಆಚೀಚೆ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಪೀಣ್ಯಗಳ ಸಣ್ಣ ದೊಡ್ಡ ಶೆಡ್ಡುಗಳನ್ನು ಸೇರುವರು. ಅಂತಹದೊಂದು ಶೆಡ್ಡಿನಲ್ಲಿ ನಾನು ಪವರ್ ಪ್ರೆಸ್ಸಿನ ಮುಂದೆ ಹನ್ನೊಂದು ವರ್ಷ ಕುಳಿತವನು. ಕಛೇರಿ, ಪಾಠಶಾಲೆಗಳ ವಾಚಕರಿಗೆ ಈ ಯಂತ್ರದ ಪರಿಚಯವಿರಲಾರದು. ಮೇಲಿನ ಅಚ್ಚು ಕೆಳಗಿನ ಅಚ್ಚಿನ ಮೇಲೆ ಬಿದ್ದು ತಗಡನ್ನು ಒಂದೇ ಪೆಟ್ಟಿಗೆ ಕತ್ತರಿಸುವುದು. ಪೆಟ್ಟು ಪೆಟ್ಟಿನ ನಡುವೆ ಕೈ ಒಳಗೆ ಹೋಗಿ ಹೊರಗೆ ಬರಬೇಕು. 2018ರಲ್ಲಿ ಒಂದು ದಿನ ಕೈ ಬಂದಿತು, ತೋರುಬೆರಳೂ ನಡುಬೆರಳೂ ಬರಲಿಲ್ಲ. ಆ ಯಂತ್ರಕ್ಕೆ ಕಾಪಿನ ಜಾಲರಿಯಿರಲಿಲ್ಲವೆಂದರೆ ಸಾಕು. ಹೆಚ್ಚಿನ ವರ್ಣನೆ ಅನಾವಶ್ಯಕ.

ನಾಲ್ಕು ತಿಂಗಳು ಮನೆಯಲ್ಲಿ ಉಳಿದೆನು. ನನ್ನ ಕೂಲಿ ದಿನಕ್ಕೆ 600 ರೂಪಾಯಿ. ಇ.ಎಸ್.ಐ.ನ ವಿಮೆಯಲ್ಲಿ ನನ್ನ ಹೆಸರಿದ್ದುದರಿಂದ, ಗಾಯ ಮಾಯುವವರೆಗೆ ಕೂಲಿಯ ನೂರಕ್ಕೆ 90ರಂತೆ ದಿನಕ್ಕೆ 540 ರೂಪಾಯಿ ಬರುತ್ತಿದ್ದಿತು. ಇದಕ್ಕೆ ತಾತ್ಕಾಲಿಕ ಅಂಗವೈಕಲ್ಯದ ಪರಿಹಾರವೆಂದು ಹೆಸರು. ಕೆಲಸಕ್ಕೆ ಹೋಗಿ ಕೂಲಿ ಪಡೆದ ದಿನ ಈ ಹಣವಿಲ್ಲ, ಅದು ಸರಿಯೇ. ಕೊನೆಗೆ ವೈದ್ಯರು, ಇವನು ಇನ್ನು ಕೆಲಸಕ್ಕೆ ಹೋಗಬಹುದೆಂದು ಪತ್ರ ಬರೆದುಕೊಟ್ಟರು. ಪತ್ರವು ಮನೆಗೆ ಬಂದ ದಿನವೇ ಮನೆಯಲ್ಲಿ ಚರ್ಚೆಯೂ ಹುಟ್ಟಿತು.

ನಮ್ಮ ತಾಯಿಯವರು, “ಮತ್ತೆ ಆ ರಾಕ್ಷಸನ ಬಾಯಿಗೆ ಕೈ ಕೊಡಬೇಡಪ್ಪ. ಬೆರಳು ಹೋದವರಿಗೆ ಗೌರ್ಮೆಂಟಿನವರು ಹಣ ಕೊಡುತ್ತಾರಂತಲ್ಲ, ಗಂಜಿ ಕುಡಿದಾದರೂ ಇರೋಣ” ಎಂದರು. ನನ್ನ ಭಾವಮೈದುನನದು ಬೇರೆ ಲೆಕ್ಕ: “ಭಾವ, ನೀವು ಕೆಲಸಕ್ಕೆ ಹೋದಿರೆಂದು ತಿಳಿದರೆ ಆ ಹಣ ನಿಂತುಹೋಗುತ್ತದೆ. ಎರಡನ್ನೂ ಯಾರು ಕೊಡುತ್ತಾರೆ?” ನನ್ನ ಹೆಂಡತಿ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಹಣದ ಮಾತು ಹಾಗಿರಲಿ. ಹಗಲೆಲ್ಲಾ ಮನೆಯಲ್ಲಿ ಕೂತಿರಲು ನಿಮ್ಮ ಕೈಲಾದೀತೆ?” ಎಂದು ಕೇಳಿದಳು. ಉತ್ತರ ಅವಳಿಗೂ ಗೊತ್ತಿದ್ದಿತು.

ಭಾವಮೈದುನನ ಭಯಕ್ಕೆ ಆಧಾರವಿರಲಿಲ್ಲ. ತಾತ್ಕಾಲಿಕ ಪರಿಹಾರ ನಿಂತ ಮೇಲೆ, ಉಳಿದ ಊನವನ್ನು ವೈದ್ಯ ಮಂಡಳಿಯು ಅಳೆಯುವುದು. ಅಳತೆಗೆ 1948ರ ಶಾಸನದಲ್ಲಿಯೇ ಒಂದು ಪಟ್ಟಿಯಿದ್ದಿತು: ಹೆಬ್ಬೆರಳು ಪೂರ್ತಿ ಹೋದರೆ ನೂರಕ್ಕೆ 30, ತೋರುಬೆರಳೊಂದೇ ಹೋದರೆ 14, ಒಂದೇ ಕೈಯ ಎರಡು ಬೆರಳು ಹೋದರೆ 20. ನನಗೆ ಬಂದದ್ದು 20. ಎಂದರೆ 540ರಲ್ಲಿ ನೂರಕ್ಕೆ 20ರಂತೆ ದಿನಕ್ಕೆ 108 ರೂಪಾಯಿ, ಜೀವವಿರುವವರೆಗೆ. ಕೆಲಸಕ್ಕೆ ಹೋದರೂ ಅದು ನಿಲ್ಲದು; ಕೂಲಿ ಏರಿದರೂ ಇಳಿಯದು. ಇವನು ಈಗೆಷ್ಟು ಗಳಿಸುತ್ತಾನೆಂದು ಶಾಸನ ಕೇಳುವುದಿಲ್ಲ. ಇವನ ಸಂಪಾದನೆಯ ಶಕ್ತಿಯಲ್ಲಿ ಎಷ್ಟು ನಷ್ಟವಾಯಿತೆಂದು ಮಾತ್ರ ಕೇಳುವುದು.

ಇದರ ಹಿಂದೆ ಒಂದು ದೀರ್ಘ ವಿಚಾರವಿದೆ. 1923ರ ಕಾರ್ಮಿಕ ಪರಿಹಾರ ಶಾಸನದಂತೆ ಮಾಲೀಕನು ಗಂಟನ್ನು ಒಮ್ಮೆಗೇ ಕೊಟ್ಟುಬಿಡಬೇಕಾಗಿದ್ದಿತು. ಬಡವನ ಮನೆಯಲ್ಲಿ ಗಂಟು ಎಷ್ಟು ದಿನ ಉಳಿದೀತು? ಸಾಲಗಾರನಿಗೆ ಅಷ್ಟು, ಮದುವೆಗೆ ಇಷ್ಟು ಎಂದು ಕರಗಿ, ಬೆರಳೂ ಇಲ್ಲ, ಹಣವೂ ಇಲ್ಲ ಎಂಬಂತಾಗುವುದು. ಪ್ರೊಫೆಸರ್ ಬಿ. ಪಿ. ಅದಾರ್ಕರರು 1944ರಲ್ಲಿ ಒಪ್ಪಿಸಿದ ವರದಿಯ ತರುವಾಯ 1948ರ ಶಾಸನ ಹುಟ್ಟಿತು. 1952ರ ಫೆಬ್ರವರಿ 24ರಂದು ಕಾನಪುರ, ದಿಲ್ಲಿಗಳಲ್ಲಿ ಯೋಜನೆ ಆರಂಭವಾಯಿತು. ಆ ಶಾಸನವನ್ನು ಈಗ 2020ರ ಸಾಮಾಜಿಕ ಭದ್ರತೆಯ ಸಂಹಿತೆಯು ತನ್ನೊಳಗೆ ಸೇರಿಸಿಕೊಂಡಿದೆ. ತಾತ್ಕಾಲಿಕ, ಶಾಶ್ವತವೆಂಬ ವಿಂಗಡಣೆ ಮಾತ್ರ ಅಳಿದಿಲ್ಲ. ಮತ್ತೊಂದು ಮಾತು: ಇದು ದಾನವಲ್ಲ, ವಿಮೆ. ನನಗೆ ಅಪಘಾತವಾದ ಕಾಲದಲ್ಲಿ ಕೂಲಿಯ ನೂರಕ್ಕೆ 1.75ರಂತೆ ನನ್ನಿಂದಲೂ, 4.75ರಂತೆ ಮಾಲೀಕನಿಂದಲೂ ವಂತಿಗೆ ಸಲ್ಲುತ್ತಿದ್ದಿತು. 2019ರ ಜುಲೈಯಿಂದ ಅವು 0.75, 3.25 ಆದುವು.

ಹೀಗೆ ಧೈರ್ಯ ತಂದುಕೊಂಡು ಶೆಡ್ಡಿಗೆ ಹೋದೆನು. ಮಾಲೀಕರು ಕುಳ್ಳಿರಿಸಿ ಕಾಫಿ ತರಿಸಿದರು. ಆಮೇಲೆ ಮೆಲ್ಲನೆ, “ನಿನಗೆ ಹೇಗೂ ಪಿಂಚಣಿ ಬರುತ್ತದೆ. ಕೂಲಿಯಲ್ಲಿ ನೂರು ರೂಪಾಯಿ ಇಳಿಸಿಕೊಂಡರೆ ಇಬ್ಬರಿಗೂ ಸರಿಹೋಗುತ್ತದಲ್ಲವೆ?” ಎಂದರು. ಮಾತಿನಲ್ಲಿ ದ್ವೇಷವಿರಲಿಲ್ಲ, ಲೆಕ್ಕವಿದ್ದಿತು. ಒಪ್ಪಿದ್ದರೆ ನನ್ನ ಬೆರಳುಗಳ ಹಣ ಅವರ ಪೆಟ್ಟಿಗೆ ಸೇರುತ್ತಿದ್ದಿತು. “ಸ್ವಾಮಿ, ಆ ಹಣ ಹೋದ ಎರಡು ಬೆರಳಿನದು. ನಿಮಗೆ ನಾನು ಈಗ ದುಡಿದುಕೊಡುವುದು ಉಳಿದ ಎಂಟರಿಂದ. ಕೆಲಸ ಕಡಿಮೆಯೆನಿಸಿದರೆ ಕೂಲಿಯ ಮಾತಾಡೋಣ” ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳೆಯ ಕೂಲಿಗೇ ಒಪ್ಪಿದರು. ಪ್ರೆಸ್ಸಿನಿಂದ ಬಿಡಿಸಿ, ತಯಾರಾದ ಪೀಸುಗಳನ್ನು ಅಳೆದು ನೋಡುವ ಮೇಜಿಗೆ ಹಾಕಿದರು. ಓವರ್‌ಟೈಮಿನ ವರಮಾನ ತಪ್ಪಿತು. ಎಡಗೈಯಲ್ಲಿ ವರ್ನಿಯರ್ ಹಿಡಿಯುವುದನ್ನೂ ಅಂಕಿಗಳನ್ನು ಬರೆಯುವುದನ್ನೂ ಕಲಿಯಲು ಒಂದು ವರ್ಷ ಹಿಡಿಯಿತು. ಮೊದಮೊದಲು ನನ್ನ 7 ಯಾವುದು, 9 ಯಾವುದು ಎಂದು ಹುಡುಗರು ನಗುತ್ತಿದ್ದರು. ಈಗ ನಾನು ತಿರುಗಿಸಿ ಕಳುಹಿಸಿದ ಪೀಸನ್ನು ಕುರಿತು ವಾದಿಸಲು ಯಾರೂ ಬರುವುದಿಲ್ಲ.

ಓಣಿಯಲ್ಲಿ, “ಇವನು ಎರಡು ಎಲೆಯಲ್ಲಿ ಉಣ್ಣುವವನು” ಎಂಬ ಮಾತು ನನ್ನ ಕಿವಿಗೆ ಬಿದ್ದುದುಂಟು. ಅದಕ್ಕೆ ನಾನು ನೊಂದುಕೊಳ್ಳುವುದಿಲ್ಲ. ನನ್ನನ್ನು ನೋಯಿಸುವುದು ನಮ್ಮ ಬೀದಿಯ ದರ್ಜಿಯ ಅವಸ್ಥೆ. ಬಾಲ್ಯದಲ್ಲಿ ಪೋಲಿಯೋ ತಗಲಿ ಅವನ ಕಾಲು ಸೊರಗಿದೆ. ಅವನು ಯಾವ ಕಾರ್ಖಾನೆಯಲ್ಲಿಯೂ ಅಂಗ ಕಳೆದುಕೊಂಡವನಲ್ಲವಾದುದರಿಂದ ವಿಮೆಯಿಲ್ಲ. ರಾಜ್ಯ ಸರಕಾರದ ಮಾಸಾಶನವಿದೆ. ಅದು ಬಡತನವನ್ನು ನೋಡಿ ಕೊಡುವ ಹಣ. ಅದಕ್ಕೆ ಆದಾಯದ ಮಿತಿಯುಂಟು. ಜೂನ್ ತಿಂಗಳಲ್ಲಿ ಶಾಲೆಯ ಸಮವಸ್ತ್ರಗಳ ದೊಡ್ಡ ಕೆಲಸ ಬಂದರೆ ಅವನು ಹಿಂಜರಿಯುತ್ತಾನೆ. “ಎರಡು ತಿಂಗಳ ಸಂಪಾದನೆ ನೋಡಿ ಮಾಸಾಶನ ನಿಲ್ಲಿಸಿದರೆ, ಮಿಕ್ಕ ಹತ್ತು ತಿಂಗಳು ಏನು ಮಾಡಲಿ ಅಣ್ಣ?” ಎನ್ನುತ್ತಾನೆ. ಅವನ ಕಾಲು ಸೊರಗಿದೆಯೇ ಹೊರತು ಕೈ ಸೊರಗಿಲ್ಲ. ಆ ಕೈಯನ್ನು ಕಟ್ಟಿರುವುದು ಈ ಭಯ.

ನನಗೆ ಬರುವ ಹಣ ನನ್ನನ್ನು ದುಡಿಮೆಗೆ ಬಿಟ್ಟಿತು. ಅವನಿಗೆ ಬರುವ ಹಣ ಅವನನ್ನು ದುಡಿಮೆಯಿಂದ ಹಿಡಿದೆಳೆಯಿತು. ಇಬ್ಬರ ಸ್ವಭಾವದಲ್ಲಿ ವ್ಯತ್ಯಾಸವಿಲ್ಲ; ನಿಯಮದಲ್ಲಿದೆ. ಬಡತನಕ್ಕೆಂದು ಕೊಡುವ ಹಣಕ್ಕೆ ಮಿತಿಯೇ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಗಳಿಕೆ ಮಿತಿಯನ್ನು ದಾಟಿತೆಂದು ಒಮ್ಮೆಗೇ ಕತ್ತರಿಸುವುದಕ್ಕೆ ಬದಲಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬಹುದಲ್ಲವೆ? ಅಮೆರಿಕದಲ್ಲಿ ಅಂಗವೈಕಲ್ಯದ ವಿಮೆಯ ಹಣ ಪಡೆಯುವವನಿಗೆ, ಆ ಹಣವನ್ನು ಕಳೆದುಕೊಳ್ಳದೆಯೇ ಒಂಬತ್ತು ತಿಂಗಳು ಕೆಲಸ ಮಾಡಿ ನೋಡುವ ಅವಕಾಶವುಂಟು. ಅಂತಹ ಅವಕಾಶ ನಮ್ಮ ದರ್ಜಿಗಿದ್ದರೆ ಅವನು ಆ ಜೂನ್ ತಿಂಗಳ ಬಟ್ಟೆಯನ್ನು ಧೈರ್ಯವಾಗಿ ಮೇಜಿನ ಮೇಲೆ ಹರಡಿಯಾನು.

ನಿಯಮಗಳು ತಿದ್ದುವವರ ಕೈಯಲ್ಲಿವೆ. ಓದು ಬಲ್ಲವರ ಕೈಯಲ್ಲಿಯೂ ಒಂದು ಕೆಲಸವುಂಟು. ನಿಮ್ಮ ಬೀದಿಯಲ್ಲಿ ಗಾಯಗೊಂಡು ಮನೆ ಸೇರಿದ ಕಾರ್ಮಿಕನಿದ್ದರೆ, ಅವನಿಗೆ ಬರುವ ಹಣ ಎರಡರಲ್ಲಿ ಯಾವ ಬಗೆಯದೆಂದು ಅವನ ಕಾಗದಗಳನ್ನು ಓದಿ ತಿಳಿಸಿರಿ. ಹಣ ನಿಂತೀತೆಂಬ ಸುಳ್ಳು ಭಯದಿಂದಲೇ ಮನೆಯ ಜಗಲಿಯಲ್ಲಿ ಕುಳಿತಿರುವವನು ಮರುದಿನ ಊಟದ ಡಬ್ಬಿ ಹಿಡಿದು ಹೊರಡಲು ಅಷ್ಟು ಸಾಕಾಗಬಹುದು.