ನದಿಯ ನೆವ

ಮನೆಗೆ ಅತಿಥಿಗಳು ಬರುತ್ತಾರೆಂದರೆ ಮನೆಯೊಡತಿ ಜೋಳದ ಹಿಟ್ಟು ಬೀಸಿಸಿ ಇಡುತ್ತಾಳೆ. ಶೇಂಗಾ ಹುರಿದು ಚಟ್ನಿ ಕುಟ್ಟುತ್ತಾಳೆ. ಅಲ್ಲಿಗೆ ಸಿದ್ಧತೆ ಮುಗಿಯಿತು. ಆದರೆ ಬರುವ ಅತಿಥಿಗಳು ತಮ್ಮೊಡನೆ ಸೈಕಲ್ಲುಗಳನ್ನೂ ತಂದು, ಏಳು ದಿನ ಊರೂರು ಅಲೆಯುತ್ತೇವೆಂದು ಹೊರಟರೆ, ಬೀಸಬೇಕಾದುದು ಹಿಟ್ಟೊಂದೇ ಅಲ್ಲ. ಎಂ.ಕೆ. ಹುಬ್ಬಳ್ಳಿಯ ನಿವೃತ್ತ ಮಾಸ್ತರರೊಬ್ಬರಿಗೆ ಒದಗಿದುದು ಇಂಥ ಪ್ರಸಂಗ.

ಸ್ನೇಹಿತರಿಬ್ಬರೂ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಮಾಸ್ತರರ ಸಹಪಾಠಿಗಳು. ಒಬ್ಬರು ಈಗ ಬೆಂಗಳೂರಿನವರು, ಇನ್ನೊಬ್ಬರು ಪುಣೆಯವರು. ಇಬ್ಬರ ಬಳಿಯೂ ಗೇರುಗಳಿರುವ, ದಪ್ಪ ಟಾಯರಿನ ಪರ್ವತ ಸೈಕಲ್ಲುಗಳು. ಮಾಸ್ತರರದೋ ತಂದೆಯ ಕಾಲದ ಕಪ್ಪು ಸೈಕಲ್ಲು; ಅದಕ್ಕೆ ಗೇರೆಂಬುದಿಲ್ಲ, ಸದ್ದೆಂಬುದುಂಟು. ಇದಕ್ಕಾಗಿ ಅವರೇನೂ ನಾಚುವವರಲ್ಲ. ಪರ್ವತ ಸೈಕಲ್ಲೆಂಬ ಈ ಹೊಸ ವೈಭವವೂ ಹಳೆಯ ಸೈಕಲ್ಲಿನ ಹೊಟ್ಟೆಯಲ್ಲಿಯೇ ಹುಟ್ಟಿದುದಷ್ಟೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಲವು ತರುಣರು ಮೂಲೆಗೆ ಬಿದ್ದಿದ್ದ ದಪ್ಪ ಟಾಯರಿನ ಹಳೆಯ ಸೈಕಲ್ಲುಗಳನ್ನು ರಿಪೇರಿ ಮಾಡಿಕೊಂಡು ಮರಿನ್ ಪ್ರಾಂತದ ಗುಡ್ಡದ ಮಣ್ಣುದಾರಿಗಳಲ್ಲಿ ಇಳಿಬಿಟ್ಟರು; ಆ ಹುಚ್ಚಾಟವೇ ಮುಂದೆ ಕ್ರೀಡೆಯಾಯಿತು. ಹೀಗಾಗಿ ಮಾಸ್ತರರ ಸೈಕಲ್ಲು ಕೀಳಲ್ಲ, ಹಿರಿಯದು.

ಬೆಂಗಳೂರಿನ ಸ್ನೇಹಿತರಿಗೆ ಕಾಡೇ ಬೇಕು. ಖಾನಾಪುರದಾಚೆಯ ಭೀಮಗಡದ ಅಡವಿಯ ಕಾಲುದಾರಿಗಳಲ್ಲಿ ಏಳು ದಿನ ಕಳೆಯಬೇಕೆಂಬುದು ಅವರ ಆಸೆ. ಭೀಮಗಡವು 2011ರಲ್ಲಿ ವನ್ಯಜೀವಿಧಾಮವಾಗಿದೆ. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅದರೊಳಗೆ ಮನಬಂದಂತೆ ಓಡಾಡುವಂತಿಲ್ಲ ಎಂದು ಮಾಸ್ತರರು ತಿಳಿಹೇಳಿದರು. ಪುಣೆಯ ಸ್ನೇಹಿತರಿಗೆ ಏರು ಬೇಕು: ಎಲ್ಲಿ ಘಾಟವೋ ಅಲ್ಲಿಗೆ ಹೋಗಬೇಕು. ಮಾಸ್ತರರಿಗಾದರೋ ತಮ್ಮ ನಾಡನ್ನು ತೋರಿಸಬೇಕು. ಮೂವರ ಮೂರು ದಾರಿ, ವಾರವೊಂದೇ.

ಈ ನಡುವೆ ಒಂದು ಮಧ್ಯಾಹ್ನ ಪುಣೆಯಿಂದ ಫೋನು ಬಂದಿತು. ಮಾತನಾಡಿದವರು ಸ್ನೇಹಿತರಲ್ಲ, ಅವರ ಪತ್ನಿ.

"ಅಣ್ಣಾವ್ರ, ಹ್ವಾದ ವರ್ಷ ಅವರಿಗೆ ಎದೀ ಆಪರೇಶನ್ ಆತು. ಯಾರಿಗೂ ಹೇಳಿಲ್ಲ. ಸೈಕಲ್ ಹೊಡಿಬಹುದು ಅಂತ ಡಾಕ್ಟರ್ ಅಂದಾರ, ಆದ್ರ ದಣೀಬಾರದು. ಅವರನ್ನ ತಡೀಬ್ಯಾಡ್ರಿ, ತಡದ್ರ ಮನಸ್ಸಿಗೆ ಹಚ್ಕೋತಾರ. ಘಾಟ ಮಾತ್ರ ಹತ್ತಸಬ್ಯಾಡ್ರಿ. ನಾ ಹೇಳೇನಂತ ಗೊತ್ತಾಗಬಾರದು."

ಫೋನು ಕೆಳಗಿಟ್ಟ ಮಾಸ್ತರರು ಬಹಳ ಹೊತ್ತು ಸುಮ್ಮನೆ ಕುಳಿತರು. ಬಾರದಿರೆಂದು ಹೇಳಿದರೆ ಸ್ನೇಹಕ್ಕೆ ಪೆಟ್ಟು. ಬಂದು ಏನಾದರೂ ಆದರೆ ಒಂದು ಸಂಸಾರಕ್ಕೇ ಪೆಟ್ಟು. ಮರೆಮಾಚಿದ ನೋವನ್ನು ಮರೆಮಾಚಿಯೇ ಕಾಯುವುದು ಎಷ್ಟು ಕಠಿಣವೆಂಬುದು ಕಾಯಬೇಕಾಗಿ ಬಂದವರಿಗೇ ಗೊತ್ತು.

ಆ ಸಂಜೆ ಅವರು ನದಿಯ ಕಡೆಗೆ ನಡೆದರು. ಮಲಪ್ರಭೆಯ ಪಾತ್ರದಲ್ಲಿ ಶರಣೆ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾದ ಬಳಿಕ ಬಸವಣ್ಣನವರ ಪತ್ನಿ ಇಲ್ಲಿಯೇ ಐಕ್ಯರಾದರೆಂದು ಜನ ನಂಬಿ ಬಂದಿದ್ದಾರೆ. ಬಸವಣ್ಣನವರ ಐಕ್ಯಸ್ಥಳವಿರುವ ಕೂಡಲಸಂಗಮಕ್ಕೆ ಇದೇ ಹೊಳೆ ಹರಿದುಹೋಗಿ ಕೃಷ್ಣೆಯನ್ನು ಸೇರುತ್ತದೆ. ನೀರನ್ನು ನೋಡುತ್ತ ನಿಂತ ಮಾಸ್ತರರಿಗೆ ದಾರಿ ತಾನಾಗಿ ಕಂಡಿತು. ನದಿ ಗುಡ್ಡದಲ್ಲಿ ಹುಟ್ಟುತ್ತದೆ, ಕಾಡನ್ನು ಹಾದು ಬರುತ್ತದೆ, ಬಯಲಿನಲ್ಲಿ ನಾಡನ್ನೆಲ್ಲ ತೋರಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕೆಳಕ್ಕೆ ಹರಿಯುತ್ತದೆ. ಹೊಳೆಯ ಜೊತೆಗೆ ಹೋಗುವವನನ್ನು ಯಾರೂ ಅಂಜುಬುರುಕನೆನ್ನಲಾರರು!

ಯೋಜನೆ ಸಿದ್ಧವಾಯಿತು. ಸೈಕಲ್ಲುಗಳನ್ನು ಟೆಂಪೊದಲ್ಲಿ ಹೇರಿ ಸಹ್ಯಾದ್ರಿಯ ಕಣಕುಂಬಿಗೆ ಒಯ್ಯುವುದು. ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದ ಆ ಹಳ್ಳಿಯಲ್ಲಿ ಮಲಪ್ರಭೆಯ ಉಗಮ. ಮೊದಲ ದಿನ ಜಾಂಬೋಟಿಯ ಮೇಲಿಂದ ಖಾನಾಪುರ. ದಾರಿಯುದ್ದಕ್ಕೂ ಕೆಮ್ಮಣ್ಣು, ಹಸಿರು. ಎರಡನೆಯ ದಿನ ನಂದಗಡ, ಬೀಡಿಗಳ ಮಾರ್ಗವಾಗಿ ಕಿತ್ತೂರು. ಅಂದು ಹೊಳೆ ಎಡಕ್ಕೆ ದೂರ ಉಳಿಯುತ್ತದೆ. ಆದರೆ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡವನ್ನು ಬಿಟ್ಟು ಹೋಗುವುದು ಹೇಗೆ? ಮೂರನೆಯ ದಿನ ಕಿತ್ತೂರಿನ ಕೋಟೆ. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯಕ್ಕಿದಿರಾಗಿ ಥ್ಯಾಕರೆ ಮಡಿದ ಸ್ಥಳ. ಅಲ್ಲಿಂದ ದೇಗಾಂವಿಯ ಕಮಲನಾರಾಯಣ ಗುಡಿಯನ್ನು ನೋಡಿಕೊಂಡು ಮನೆಗೆ. ನಾಲ್ಕನೆಯ ದಿನ ರಾಯಣ್ಣ ಹುಟ್ಟಿದ ಸಂಗೊಳ್ಳಿ, ಸಂಜೆಗೆ ಬೈಲಹೊಂಗಲ. ಸೆರೆಯಲ್ಲಿದ್ದ ಚೆನ್ನಮ್ಮ 1829ರಲ್ಲಿ ಕೊನೆಯುಸಿರೆಳೆದುದು ಅಲ್ಲಿಯೇ, ಸಮಾಧಿಯೂ ಅಲ್ಲಿದೆ. ಮೊದಲು ವೀರನ ಸಮಾಧಿ, ಆಮೇಲೆ ಅವನ ಜನ್ಮಸ್ಥಳ: ಇತಿಹಾಸವನ್ನು ಕೊನೆಯ ಪುಟದಿಂದ ಓದಿದಂತೆ. ಐದನೆಯ ದಿನ ಸವದತ್ತಿ. ಆರನೆಯ ದಿನ ಯಲ್ಲಮ್ಮನ ಗುಡ್ಡ, ಮತ್ತು ನವಿಲುತೀರ್ಥದಲ್ಲಿ ಹೊಳೆ ಗುಡ್ಡವನ್ನು ಸೀಳಿ ನುಗ್ಗುವಲ್ಲಿ ಕಟ್ಟಿದ ಅಣೆಕಟ್ಟು. ಏಳನೆಯ ದಿನ, ಒಂದು ಕಾಲಕ್ಕೆ ಸಂಸ್ಥಾನದ ರಾಜಧಾನಿಯಾಗಿದ್ದ, ಹೊಳೆಯ ದಂಡೆಯ ರಾಮದುರ್ಗ.

ದಿನಕ್ಕೆ 40 ಕಿಲೋಮೀಟರಿನ ಆಸುಪಾಸು. ಕಾಲವೂ ಗೊತ್ತಾಯಿತು: ದೀಪಾವಳಿ ಕಳೆದು ಮಳೆ ನಿಂತ ಮೇಲೆ. ಬೈಲಹೊಂಗಲದಿಂದ ಮೂಡಣಕ್ಕೆ ಎರಿಭೂಮಿ. ಒಂದು ಮಳೆ ಬಿದ್ದರೆ ಸಾಕು, ಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರಿಸುತ್ತದೆ. ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳಂದು ಸವದತ್ತಿಯಲ್ಲಿ ಕಾಲಿಡಲು ಜಾಗವಿರದು. ಆ ದಿನಗಳನ್ನು ಬಿಡಬೇಕು. ಕಬ್ಬಿನ ಹಂಗಾಮಾದ್ದರಿಂದ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬಿ ಬರುತ್ತವೆ. ಹೊತ್ತು ಮುಳುಗಿದ ಮೇಲೆ ಸೈಕಲ್ಲು ತುಳಿಯತಕ್ಕದ್ದಲ್ಲ. ಜಾಲಿಯ ಮುಳ್ಳಿಗೆ ಹೊಸದು ಹಳೆಯದೆಂಬ ಭೇದವಿಲ್ಲವಾದುದರಿಂದ ಪಂಚರ್ ಸಾಮಾನು ಮೂವರಿಗೂ ಬೇಕು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ವಾರವಾದರೂ ಕೆಡುವುದಿಲ್ಲ.

ಸ್ನೇಹಿತರು ಬಂದರು. ಕಣಕುಂಬಿಗೆ ಹೊರಡುವ ಹಿಂದಿನ ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ನಕಾಶೆ ಹರಡಿ ಮೂವರೂ ಕುಳಿತರು. ಬೆಂಗಳೂರಿನವರು ಹೊಳೆಯ ವಿಚಾರಕ್ಕೆ ಮೊದಲೇ ಒಲಿದಿದ್ದರು. ಪುಣೆಯವರು ಮಾತ್ರ ಊರುಗಳ ಮೇಲೆ ಒಂದೊಂದಾಗಿ ಬೆರಳಿಡುತ್ತ ಹೋದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಲೇ ಮಾಸ್ತರ, ಖಾನಾಪುರ, ಕಿತ್ತೂರ, ಬೈಲಹೊಂಗಲ, ಸವದತ್ತಿ, ರಾಮದುರ್ಗ... ವಸ್ತಿ ಮಾಡೂ ಊರಿಗೆಲ್ಲಾ ಸರಕಾರಿ ದವಾಖಾನಿ ಅದಾವಲ್ಲೋ!"

ಮಾಸ್ತರರು ಬಾಯಿ ತೆರೆಯಲಿಲ್ಲ. ಗೋಡೆಯ ಗಡಿಯಾರದ ಸದ್ದು ಎಂದಿಗಿಂತ ದೊಡ್ಡದಾಗಿ ಕೇಳಿಸಿತು.

"ಆಕಿ ಫೋನ್ ಮಾಡಿದ್ಲು, ಹೌದಲ್ಲ? ಹೊಳೀ ನೆವಾ ಮಾಡಿ ನನ್ನ ಇಳಕಲಿಗೆ ಒಯ್ಯಾಕ ಹತ್ತೀದಿ."

"ಹೊಳಿ ಇಳದ್ರೂ ರಸ್ತಾ ಹತ್ತತಾವೋ. ಕಣಕುಂಬಿಯಿಂದ ರಾಮದುರ್ಗದ ತನಕಾ ಏರು ಬ್ಯಾರೆ, ಇಳಿವು ಬ್ಯಾರೆ ಅದಾವ," ಎಂದರು ಮಾಸ್ತರರು ನೆಲ ನೋಡುತ್ತ.

ಬೆಂಗಳೂರಿನವರು ಏನೂ ಅರಿಯದೆ ಇಬ್ಬರ ಮುಖವನ್ನೂ ನೋಡಿದರು. ಪುಣೆಯವರೇ ಅಂಗಿಯ ಗುಂಡಿ ಬಿಚ್ಚಿ ಎದೆಯ ನಡುವಿನ ಉದ್ದನೆಯ ಗಾಯದ ಗುರುತನ್ನು ತೋರಿಸಿದರು. ಒಂದು ವರ್ಷದಿಂದ ಕಟ್ಟಿಕೊಂಡಿದ್ದ ಮಾತು ಆ ರಾತ್ರಿ ಬಿಡುಗಡೆಯಾಯಿತು. ಸಿಟ್ಟು ಬರಲಿಲ್ಲವೆಂದಲ್ಲ, ಬಂದ ಸಿಟ್ಟು ನಿಲ್ಲಲಿಲ್ಲ. ತನ್ನ ಎದೆಯ ಬಡಿತವನ್ನು ಎಣಿಸಿ ಯಾರೋ ದಾರಿ ಹಾಕಿದ್ದಾರೆಂಬುದು ಮೊದಲು ಅವಮಾನವೆನಿಸಿ, ಬಳಿಕ ಬೇರೇನೋ ಎನಿಸಿರಬೇಕು.

ಉಳಿದುದು ಯಲ್ಲಮ್ಮನ ಗುಡ್ಡದ ಪ್ರಶ್ನೆ. ಸೈಕಲ್ಲನ್ನು ಸವದತ್ತಿಯಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗಬಹುದೆಂದರು ಮಾಸ್ತರರು. ಪುಣೆಯವರು ಒಪ್ಪಲಿಲ್ಲ. ಚರ್ಚೆ ಹನ್ನೊಂದು ಗಂಟೆಯವರೆಗೂ ನಡೆಯಿತು. ಕೊನೆಗೆ ಅವರೇ ಪೆನ್ನು ತೆಗೆದುಕೊಂಡು ಯೋಜನೆಯ ಹಾಳೆಯ ಕೆಳಗೆ ಒಂದು ನಿಯಮ ಬರೆದರು: "ಏರಿನಲ್ಲಿ ಒಬ್ಬನು ಇಳಿದು ನಡೆದರೆ ಮೂವರೂ ಇಳಿದು ನಡೆಯತಕ್ಕದ್ದು." ಮೂವರೂ ಸಹಿ ಹಾಕಿದರು.

ಎಳೆವಯಸ್ಸಿನ ಸ್ನೇಹ ಯಾರು ಮುಂದೆ ಹೋದಾರೆಂದು ನೋಡುತ್ತದೆ. ಮಾಗಿದ ಸ್ನೇಹ ಯಾರು ಹಿಂದೆ ಉಳಿದಾರೆಂದು ತಿರುಗಿ ನೋಡುತ್ತದೆ. ಮಾಸ್ತರರ ಗೇರಿಲ್ಲದ ಸೈಕಲ್ಲಿಗೆ ಇದರಿಂದ ಆದ ಲಾಭವೂ ಸಣ್ಣದಲ್ಲ. ಏರು ಬಂದಾಗ ಮೊದಲು ಇಳಿಯುವವರು ಬಹುಶಃ ಅವರೇ ಆಗಿದ್ದಾರು. ಅದು ಸೈಕಲ್ಲಿನ ದೋಷವೋ, ಸವಾರನ ಉಪಾಯವೋ ಎಂದು ಯಾರೂ ಕೇಳಲಾರರು.